ಸಾಲು ಕೊಟ್ಟವಳು

ಮಾತು ಕಳೆದುಕೊಂಡ ಮನುಷ್ಯ ಹಾಡಬಲ್ಲನೇ? ರೀವಾ ನೇಪಿಯರ್‌ಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ಕೌಂಟಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ಅವಳು. ನುಡಿಯ ಕೆಲಸ ಹೆಚ್ಚಾಗಿ ಮಿದುಳಿನ ಎಡಮಗ್ಗುಲಿನದು, ರಾಗದ ಕೆಲಸದಲ್ಲಿ ಬಲಮಗ್ಗುಲಿಗೂ ದೊಡ್ಡ ಪಾಲಿದೆ. ರಕ್ತ ನಿಂತು ಎಡಗಡೆಯ ಅಂಗಡಿ ಮುಚ್ಚಿದರೂ ಬಲಗಡೆಯದು ತೆರೆದೇ ಇರಬಹುದು. ಅವಳನ್ನು ಸೋಲಿಸಿದ್ದು ಅದರ ಬಾಲಕ್ಕೆ ಅಂಟಿಕೊಂಡಿದ್ದ ಇನ್ನೊಂದು ಪ್ರಶ್ನೆ. ಒಬ್ಬರು ಪದ ಹೇಳಿಕೊಟ್ಟು ಇನ್ನೊಬ್ಬರು ಅದನ್ನು ಹಾಡಿದರೆ, ಹಾಡಿದವರು ಯಾರು? ಅವಳು ತಿರುವಿಹಾಕಿದ ಯಾವ ಪುಸ್ತಕವೂ ಇದಕ್ಕೆ ಉತ್ತರ ಕೊಡಲಿಲ್ಲ. ನ್ಯಾಶ್‌ವಿಲ್ಲಿನ ಒಂದು ಹಾಡಿನ ಕಂಪನಿಗೆ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಉತ್ತರ ಸಿಕ್ಕಿಬಿಟ್ಟಿತು. ಆ ಊರಿನಲ್ಲಿ ಎಲ್ಲಕ್ಕೂ ಬೇಗ ಉತ್ತರ ಸಿಗುತ್ತದೆ.

ಕಂಪನಿಯ ಲೆಕ್ಕದಲ್ಲಿ ಹಾಡಿದವನು ರೀವಾಳ ಚಿಕ್ಕಪ್ಪ ಹೋಬರ್ಟ್ ನೇಪಿಯರ್. ಅವನ ಕೊನೆಯ ಆಲ್ಬಮ್ ಹೊರಬಂದಾಗ ಅವನು ತೀರಿಕೊಂಡು ಒಂದು ವರ್ಷವಾಗಿತ್ತು. ಅವನ ಬಗ್ಗೆ ಆಗಲೇ ಬೇಕಾದಷ್ಟು ಬರೆದಿದ್ದಾರೆ, ಮುಕ್ಕಾಲು ಪಾಲು ಅವನ ಮುಖವನ್ನೇ ನೋಡದವರು. ಇಲ್ಲಿ ಹೇಳಹೊರಟಿರುವುದು ಅವನ ಹೆಂಡತಿ ಡೆಲ್ಫಾಳನ್ನು ಕುರಿತು.

ಪೂರ್ವ ಕೆಂಟಕಿಯ ಟರ್ಕಿಪೆನ್ ಕಣಿವೆಯಲ್ಲಿ ರಸ್ತೆ ಮುಗಿದ ಮೇಲೂ ಒಂದೂವರೆ ಮೈಲಿ ಹಳ್ಳದ ಪಾತ್ರದಲ್ಲೇ ನಡೆದರೆ ಸಿಗುತ್ತಿದ್ದ ಮನೆ ಡೆಲ್ಫಾಳ ತವರು. ಅಪ್ಪ ಕಲ್ಲಿದ್ದಲ ಗಣಿಯಲ್ಲಿದ್ದ. ಒಂಬತ್ತು ಮಕ್ಕಳಲ್ಲಿ ಏಳನೆಯವಳು ಇವಳು. ಭಾನುವಾರ ಮನೆಮಂದಿಯೆಲ್ಲ ಹಳ್ಳ ದಾಟಿ ಚರ್ಚಿಗೆ ಹೋಗುತ್ತಿದ್ದರು. ಆ ಚರ್ಚಿನಲ್ಲಿ ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಮುಂದೆ ನಿಂತ ಹಿರಿಯ ಹಾಡಿನ ಒಂದು ಸಾಲನ್ನು ಒಂದೇ ಉಸಿರಿಗೆ, ಮಂತ್ರ ಒದರುವವರ ಹಾಗೆ ಗಡಗಡನೆ ಹೇಳುತ್ತಾನೆ. ಸಭೆ ಆ ಸಾಲನ್ನು ಎತ್ತಿಕೊಂಡು, ಒದ್ದೆ ಕಂಬಳಿ ಹಿಂಡಿದಂತೆ ನಿಧಾನವಾಗಿ ಎಳೆದೆಳೆದು ಹಾಡುತ್ತದೆ. ಆಮೇಲೆ ಹಿರಿಯ ಮುಂದಿನ ಸಾಲು ಹೇಳುತ್ತಾನೆ. ಇದಕ್ಕೆ ಅಲ್ಲಿ ಸಾಲು ಕೊಡುವುದು ಎನ್ನುತ್ತಾರೆ. ಕೊಡುವವರು ಗಂಡಸರೇ. ಹೆಂಗಸರು ಹಾಡಬಹುದು, ಅಳಬಹುದು, ಮೈದುಂಬಿ ಬಂದರೆ ಕಿರುಚಲೂಬಹುದು. ಸಾಲು ಮಾತ್ರ ಕೊಡುವಂತಿಲ್ಲ. ಯಾಕೆಂದು ಕೇಳಿದರೆ ಹಿರಿಯರು ಬೈಬಲ್ಲಿನ ಒಂದು ಪತ್ರದ ಕಡೆಗೆ ಬೆರಳು ಮಾಡುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ಯಾರಿಗೋ ಬರೆದ ಕಾಗದ ಟರ್ಕಿಪೆನ್ನಿನ ಹೆಂಗಸರ ಬಾಯಿಗೆ ಹೇಗೆ ಬೀಗವಾಯಿತು ಎಂಬುದನ್ನು ವಿವರಿಸುವ ಗೊಡವೆಗೆ ಅವರು ಹೋಗುವುದಿಲ್ಲ.

ಆ ಚರ್ಚಿನ ಮುನ್ನೂರು ಚಿಲ್ಲರೆ ಹಾಡುಗಳೂ ಡೆಲ್ಫಾಳಿಗೆ ಬಾಯಿಪಾಠವಾಗಿದ್ದವು. ಸಾಲು ಕೊಡುವ ಹಿರಿಯ ಮೂರನೆಯ ಚರಣದಲ್ಲಿ ತಡವರಿಸಿದರೆ ಹೆಂಗಸರ ಬೆಂಚಿನಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು. ದನಿ ಹೊರಗೆ ಬರುತ್ತಿರಲಿಲ್ಲ. ಹಿರಿಯನೂ ಆ ತುಟಿಯನ್ನು ನೋಡಿಯೇ ದಾರಿ ಹುಡುಕಿಕೊಳ್ಳುತ್ತಿದ್ದ ಎಂದು ಬಲ್ಲವರು ಹೇಳುತ್ತಿದ್ದರು. ಅದಕ್ಕೆ ಆ ಪತ್ರದ ಅಡ್ಡಿ ಇರಲಿಲ್ಲವೆಂದು ಕಾಣುತ್ತದೆ.

ಹದಿನೆಂಟಕ್ಕೆ ಅವಳು ಹೋಬರ್ಟ್‌ನನ್ನು ಮದುವೆಯಾದಳು. ಅವನಲ್ಲಿದ್ದದ್ದು ಒಂದು ಗಿಟಾರ್, ಒಂದು ಬಿಳಿ ಹ್ಯಾಟು, ಮತ್ತು ತಾನು ದೊಡ್ಡವನಾಗುತ್ತೇನೆಂಬ ನಂಬಿಕೆ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ, ಕಲ್ಲಿದ್ದಲು ಲಾರಿಯ ಡ್ರೈವರ್ ಜೊತೆ ಓಡಿಹೋದ ಹುಡುಗಿಯ ಮೇಲೆ ಅವನು ಹಾಡಿದ ಒಂದು ಹಾಡು ರೇಡಿಯೋಗಳಲ್ಲಿ ಹನ್ನೊಂದು ವಾರ ಓಡಿತು. ಆ ಹನ್ನೊಂದು ವಾರವನ್ನೇ ಹಿಗ್ಗಿಸಿ ಹಿಗ್ಗಿಸಿ ಅವನು ಮೂವತ್ತೈದು ವರ್ಷ ಹೊದ್ದುಕೊಂಡ. ಹಗಲು ಟೈರ್ ಅಂಗಡಿ, ಶನಿವಾರ ಯಾವುದಾದರೂ ಶಾಲೆಯ ಆಟದ ಸಭಾಂಗಣವಾದ ಜಿಮ್ಮು, ಯಾವುದಾದರೂ ಸೂಪರ್ ಮಾರ್ಕೆಟ್ಟಿನ ಉದ್ಘಾಟನೆ. ವೇದಿಕೆಯ ಮೇಲೆ ಅವನದೊಂದು ಮಾಮೂಲಿ ತಮಾಷೆಯಿತ್ತು. "ಅಗೋ, ಅಲ್ಲಿ ಕೂತೋಳೇ ನನ್ನ ಹೆಂಡ್ತಿ. ಇವಳು ಬಾಯಿ ತೆಗೆದ್ರೆ ನಮ್ಮ ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸ್ತವೆ. ಅದಕ್ಕೇ ಹಾಡೋ ಕೆಲಸ ನಾನು ಇಟ್ಕೊಂಡು ಬೇಯ್ಸೋ ಕೆಲಸ ಅವಳಿಗೆ ಕೊಟ್ಟಿದೀನಿ!" ಜನ ನಗುತ್ತಿದ್ದರು. ಡೆಲ್ಫಾಳೂ ನಗುತ್ತಿದ್ದಳು. ಎಳವೆಯಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಈ ತಮಾಷೆ ಕೇಳಿದ್ದ ರೀವಾ ಒಬ್ಬಳೇ ಚಿಕ್ಕಪ್ಪನನ್ನು ದುರುಗುಟ್ಟಿ ನೋಡಿದ್ದಳಂತೆ. ಅದು ಮನೆಯಲ್ಲಿ ಹೇಳುವ ಮಾತು. ಆಮೇಲೂ ಅವಳ ನೋಟ ಬದಲಾಗಲಿಲ್ಲ.

ಬೇಯಿಸುವ ಕೆಲಸವನ್ನು ಡೆಲ್ಫಾ ಊರಿಗೆಲ್ಲ ಮಾಡಿದಳು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ರೊಟ್ಟಿ, ಶುಕ್ರವಾರ ಮೀನು. ಅವಳ ರುಚಿ ಒಂದು ದಿನವೂ ಆಚೀಚೆ ಆದದ್ದಿಲ್ಲ.

ಹೋಬರ್ಟ್‌ಗೆ ಅರವತ್ತೆಂಟಾದಾಗ ಒಂದು ಬೆಳಿಗ್ಗೆ ಟೈರ್ ಅಂಗಡಿಯಲ್ಲೇ ಬಿದ್ದ. ಕೈಕಾಲು ತಿಂಗಳೊಳಗೆ ಸರಿಹೋದವು. ಮಾತು ಬರಲಿಲ್ಲ. ಚಮಚಕ್ಕೆ ಲಾರಿ ಎಂದ, ಹ್ಯಾಟಿಗೆ ಪಾದ್ರಿ ಎಂದ, ನೋಡಲು ಬಂದ ಪಾದ್ರಿಗೆ ಏನೆಂದ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಲೆಕ್ಸಿಂಗ್ಟನ್ನಿನ ಡಾಕ್ಟರು ಚಿತ್ರದ ಚೀಟಿಗಳ ಕಟ್ಟೊಂದನ್ನು ಕೊಟ್ಟು, ದಿನಾ ತೋರಿಸಿ ಹೆಸರು ಹೇಳಿಸಿ ಎಂದರು. ರೀವಾ ಶಾಲೆ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಸೇಬು, ನಾಯಿ, ಕುರ್ಚಿ ಎಂದು ತೋರಿಸುವಳು. ಹೋಬರ್ಟ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುವನು. ಬೆರಳುಗಳಿಗೆ ಎಲ್ಲ ನೆನಪಿತ್ತು, ಬಾಯಿಗೆ ಒಂದೂ ಇರಲಿಲ್ಲ.

ಹೀಗೇ ನವೆಂಬರಿನ ಒಂದು ಮಧ್ಯಾಹ್ನ ಡೆಲ್ಫಾ ಹುರುಳಿಕಾಯಿಯ ನಾರು ತೆಗೆಯುತ್ತ, ತನ್ನ ಪಾಡಿಗೆ ಚರ್ಚಿನ ಹಾಡಿನ ಒಂದು ಸಾಲನ್ನು ಹಿರಿಯರ ಧಾಟಿಯಲ್ಲಿ ಗಡಗಡನೆ ಹೇಳಿದಳು. ಹೋಬರ್ಟ್ ಆ ಸಾಲನ್ನು ಪೂರ್ತಿ ಹಾಡಿದ. ಒಂದು ಪದವೂ ತಪ್ಪಲಿಲ್ಲ.

ರೀವಾಳ ಕೈಯಲ್ಲಿದ್ದ ನಾಯಿಯ ಚಿತ್ರ ಕೆಳಗೆ ಬಿತ್ತು. "ಚಿಕ್ಕಮ್ಮ, ಈಗ ಏನ್ ಮಾಡ್ದೆ?"

"ಏನ್ ಮಾಡ್ದೆ? ನಾರು ತೆಗೀತಿದೀನಿ."

"ಸಾಲು ಕೊಟ್ಟೆ ನೀನು."

"ಶ್! ಮೆತ್ತಗೆ ಹೇಳೇ. ಚರ್ಚಿನ ಬ್ರದರ್ ಎಲ್ಜಿ ಕಿವಿ ಹಳ್ಳದಾಚೆ ಇದ್ರೂ ಕೇಳುತ್ತೆ."

"ಕೇಳಲಿ. ಇನ್ನೊಂದು ಕೊಡು."

ಡೆಲ್ಫಾ ಬಾಗಿಲ ಕಡೆ ನೋಡಿದಳು. ಕಿಟಕಿ ಹಾಕಿದಳು. ಆಮೇಲೆ ಇನ್ನೊಂದು ಸಾಲು ಕೊಟ್ಟಳು. ಹೋಬರ್ಟ್ ಅದನ್ನೂ ಹಾಡಿದ, ಮತ್ತು ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕಣ್ಣೆತ್ತಿ ಹೆಂಡತಿಯ ಮುಖ ನೋಡಿದ.

"ನೋಡೇ, ನೋಡು," ಎಂದಳು ಡೆಲ್ಫಾ. "ನಲವತ್ತೆಂಟು ವರ್ಷ ಆದ್ಮೇಲೆ ನನ್ನ ಮಾತು ಕೇಳೋಕೆ ಶುರು ಮಾಡ್ದ ನನ್ನ ಗಂಡ. ತಲೇಲಿ ರಕ್ತ ಹೆಪ್ಪುಗಟ್ಟಬೇಕಾಯ್ತು."

ಆ ಚಳಿಗಾಲವೆಲ್ಲ ಅವರಿಬ್ಬರೂ ಹಾಡಿದರು. ಚರ್ಚಿನ ಹಾಡುಗಳು ಮುಗಿದ ಮೇಲೆ ಹೋಬರ್ಟ್‌ನ ಹಳೆಯ ಹಾಡುಗಳು. ಅವೂ ಡೆಲ್ಫಾಳಿಗೆ ಬಾಯಿಪಾಠ. ಜಿಮ್ಮುಗಳ ಮೂಲೆಯಲ್ಲಿ ಕುಳಿತು ಮೂವತ್ತೈದು ವರ್ಷ ಕೇಳಿದ್ದಳಲ್ಲ. ಡ್ರೈವರ್ ಜೊತೆ ಓಡಿಹೋದ ಹುಡುಗಿಯನ್ನೂ ಅವಳು ದೇವರ ಹಾಡಿನಷ್ಟೇ ಗಂಭೀರವಾಗಿ, ನಾಲ್ಕು ಸೆಕೆಂಡಿಗೆ ಒಂದು ಸಾಲಿನಂತೆ, ಒಣದನಿಯಲ್ಲಿ ಒದರಿದಳು. ಅದನ್ನು ಎತ್ತಿಕೊಂಡು ಹಾಡುವಾಗ ಹೋಬರ್ಟ್‌ನ ದನಿ ಹಿಂದೆಂದೂ ಇಲ್ಲದಂತೆ ಇತ್ತು. ವೇದಿಕೆಯ ವಯ್ಯಾರವೆಲ್ಲ ಉದುರಿಹೋಗಿತ್ತು. ಗಾಂಧಾರ ಸ್ವರವನ್ನು ಅವನು ಸಾಧಾರಣಕ್ಕೂ ಅಂತರಕ್ಕೂ ನಡುವೆ, ಆ ಕಣಿವೆಯ ಹಿರಿಯರು ಹಿಡಿಯುತ್ತಿದ್ದ ಜಾಗದಲ್ಲೇ ಹಿಡಿಯುತ್ತಿದ್ದ. ಪ್ರತಿಭೆಯ ಬಗ್ಗೆ ರೀವಾಳಿಗೆ ದೊಡ್ಡ ನಂಬಿಕೆಯೇನೂ ಇರಲಿಲ್ಲ. ಚಿಕ್ಕಪ್ಪ ಜೀವಮಾನದಲ್ಲಿ ಚೆನ್ನಾಗಿ ಹಾಡಿದ್ದು ಆ ಐದು ತಿಂಗಳು ಮಾತ್ರ, ಅದೂ ಹೆಂಡತಿಯ ಬಾಯಿಯಿಂದ ಪದ ತೆಗೆದುಕೊಂಡು, ಎಂಬುದನ್ನು ಮಾತ್ರ ಅವಳು ಒಪ್ಪಿದ್ದಳು. ಶಾಲೆಯಿಂದ ಧ್ವನಿ ಹಿಡಿಯುವ ಯಂತ್ರವೊಂದನ್ನು ತಂದು ಮೇಜಿನ ಮೇಲಿಟ್ಟು ಹತ್ತೊಂಬತ್ತು ಹಾಡು ಹಿಡಿದಳು. ಏಪ್ರಿಲಿನಲ್ಲಿ ಹೋಬರ್ಟ್‌ಗೆ ಎರಡನೆಯ ಸಲ ರಕ್ತ ಕಟ್ಟಿತು. ಅದು ಬಲಕ್ಕೆ.

ಸತ್ತ ಮರುವಾರವೇ ಕೌಂಟಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಬದುಕಿದ್ದಾಗ ಅವನ ಟೈರ್ ಅಂಗಡಿಯ ಮುಂದಿನ ಗುಂಡಿ ಮುಚ್ಚದಿದ್ದವರು ಒಂದು ಸೇತುವೆಗೆ ಅವನ ಹೆಸರಿಟ್ಟರು. ಸೇತುವೆ ಎಂದರೆ ಎರಡು ಸಿಮೆಂಟ್ ಕೊಳವೆಗಳ ಮೇಲೆ ಹಾಕಿದ ಡಾಂಬರು. ಸ್ಥಳೀಯ ರೇಡಿಯೋ ರೀವಾ ಕೊಟ್ಟ ಒಂದು ಹಾಡನ್ನು, ಡೆಲ್ಫಾಳ ದನಿಯೂ ಸೇರಿದಂತೆ, ಬೆಳಗಿನ ಸಾವಿನ ಸುದ್ದಿಗಳ ನಡುವೆ ಹಾಕಿತು. ಅದು ಹೇಗೋ ನ್ಯಾಶ್‌ವಿಲ್ಲಿನವರೆಗೆ ಹೋಯಿತು. ಅಕ್ಟೋಬರಿನಲ್ಲಿ ಕಂಪನಿಯ ಪ್ರೆಸ್ಟನ್ ಯಾರ್ಬ್ರೊ ಎಂಬ ಮನುಷ್ಯ, ಎಂದೂ ಕೆಸರು ಕಾಣದ ಬೂಟು ಹಾಕಿಕೊಂಡು, ಡೆಲ್ಫಾಳ ಮನೆಗೆ ಬಂದ. ಮಂಗಳವಾರ ಹನ್ನೊಂದು ಗಂಟೆಗೆ ಬಂದ. ರೀವಾ ಆಗ ತರಗತಿಯಲ್ಲಿ ಕಪ್ಪೆಯ ಹೃದಯ ವಿವರಿಸುತ್ತಿದ್ದಳು.

ಅವಳು ನಾಲ್ಕು ಗಂಟೆಗೆ ಬಂದು ನೋಡಿದರೆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಆರು ಪುಟ. ಕೊನೆಯ ಪುಟದಲ್ಲಿ ಡೆಲ್ಫಾಳ ದೊಡ್ಡ ದುಂಡನೆಯ ಸಹಿ. ರೀವಾ ಚಿಕ್ಕಮ್ಮನಿಗೆಂದು ಮಾಡಿಕೊಟ್ಟಿದ್ದ ಹಾಡುಗಳ ಪ್ರತಿ ಯಾರ್ಬ್ರೊನ ಜೊತೆ ಹೋಗಿತ್ತು.

"ಬಂದಿದ್ನಾ ಅವನು? ನಾನು ಬರೋವರ್ಗೂ ಕಾಯೋಕೆ ಹೇಳಬೇಕಿತ್ತು!"

"ಅವನಿಗೆ ಹೊತ್ತಾಗ್ತಿತ್ತು. ಒಳ್ಳೆ ಹುಡುಗ. ಎರಡು ಸಲ ಹಾಕಿಸ್ಕೊಂಡು ಊಟ ಮಾಡ್ದ." ಡೆಲ್ಫಾಳ ಮುಖ ಹೊಳೆಯುತ್ತಿತ್ತು. "ನಾನು ಒಂದೇ ಮಾತು ಹೇಳ್ದೆ ಕಣೇ. ನೋಡಪ್ಪಾ, ಹೆಂಗೆ ಹಾಡಿದ್ವೋ ಹಂಗೇ ಬರಬೇಕು, ಅವನ ಅರ್ಧ ನನ್ನ ಅರ್ಧ ಅಂತ. ಚರ್ಚಿನೋರು ಬೇಕಾದ್ರೆ ನನ್ನ ಹೊರಗೆ ಹಾಕ್ಲಿ. ಅರವತ್ತು ವರ್ಷ ಬಾಯಿ ಒಳಗೇ ಹೇಳ್ಕೊಂಡಿದೀನಿ, ಒಂದ್ ಸಲ ಹೊರಗೆ ಬರಲಿ."

"ಅದಕ್ಕೇನಂದ?"

"ಹೂಂ ಅಂದ. ಖಂಡಿತ ಅಮ್ಮಾ ಅಂದ."

ರೀವಾ ಕಾಗದ ಕಿತ್ತು ಓದತೊಡಗಿದಳು. ಮೂರನೆಯ ಪುಟದ ನಡುವೆ ಅದು ಇತ್ತು: ಕಲಾವಿದನ ಗಾಯನದ ಹೊರತಾದ ಎಲ್ಲ ಧ್ವನಿಗಳನ್ನೂ ತೆಗೆದುಹಾಕುವ ಹಕ್ಕು ಕಂಪನಿಗೆ ಸೇರಿದ್ದು, ಸಹಿ ಮಾಡಿದವರು ಇದಕ್ಕೆ ಒಪ್ಪಿದ್ದಾರೆ.

"ಇದನ್ನ ಓದಿದ್ಯಾ ಚಿಕ್ಕಮ್ಮ?"

"ನೋಡ್ದೆ."

"ಮೂರನೇ ಪುಟ?"

"ಎಲ್ಲಾ ಪುಟಾನೂ ನೋಡ್ದೆ. ಯಾಕೆ?"

ರೀವಾ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಡೆಲ್ಫಾ ಕೇಳಿದಳು. ಮುಖದ ಹೊಳಪು ಇಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದ್ದು ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಒಂದು ಸಲ ಕಲಕಿದಳು.

"ಆದ್ರೆ ಅವನು ಹೂಂ ಅಂದ್ನಲ್ಲ," ಎಂದಳು.

"ಬಾಯಲ್ಲಿ ಅಂದ. ನೀನು ಸಹಿ ಹಾಕಿದ್ದು ಬಾಯಿಗಲ್ಲ. ಕಣ್ಣ ಮುಂದೆ ಇತ್ತಲ್ಲ, ನೋಡಿದೆ ಅಂತೀಯಲ್ಲ, ನೋಡಿಯೂ ಹಾಕಿದ್ಯಾ?"

ಡೆಲ್ಫಾ ಪಾತ್ರೆಯ ಮುಚ್ಚಳ ಮುಚ್ಚಿದಳು. ಅದನ್ನು ರೀವಾ ತನಗೆ ತಿಳಿದಂತೆ ಅರ್ಥ ಮಾಡಿಕೊಂಡಳು. ಬೂಟು ಹಾಕಿಕೊಂಡ ಗಂಡಸು ಎದುರಿಗೆ ಕುಳಿತಾಗ ಈ ಕಣಿವೆಯ ಹೆಂಗಸರ ಬೆನ್ನುಮೂಳೆ ಕರಗುತ್ತದೆ. ಅರವತ್ತು ವರ್ಷದ ಆಸೆಯನ್ನು ಅರ್ಧ ಗಂಟೆಯ ಸಂಕೋಚಕ್ಕೆ ಮಾರುತ್ತಾರೆ. ಆಮೇಲೆ ಹೂಂ ಅಂದನಲ್ಲ ಎಂದು ಗೋಡೆಗೆ ಹೇಳುತ್ತಾರೆ. ಅಂಥವರಿಗೆ ಚರ್ಚು ಬೀಗ ಹಾಕಬೇಕಾಗಿಯೇ ಇರಲಿಲ್ಲ ಎಂದುಕೊಂಡಳು.

ಮರುದಿನ ಅವಳು ಯಾರ್ಬ್ರೊಗೆ ಫೋನ್ ಮಾಡಿದಳು.

"ಮೇಡಂ, ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ," ಎಂದ ಅವನು. ಅರ್ಥವಾಗದವರು ಮೊದಲು ಹೇಳುವ ಮಾತು ಅದು. "ಆದ್ರೆ ಕೇಳೋರು ಗಲಿಬಿಲಿ ಆಗ್ತಾರೆ. ಪ್ರತಿ ಸಾಲಿಗೂ ಮುಂಚೆ ಒಬ್ಬರು ದನದ ಹರಾಜು ಕೂಗೋ ಹಾಗಿದೆ."

"ಆ ಹರಾಜು ಇಲ್ದೇ ಇದ್ದಿದ್ರೆ ಹಾಡೇ ಇರ್ತಿರಲಿಲ್ಲ. ಅವನಿಗೆ ಮಾತೇ ಬರ್ತಿರಲಿಲ್ಲ, ಗೊತ್ತಾ ನಿಮಗೆ?"

"ಅದನ್ನ ನಾವು ಹೇಳೋದು ಬೇಡ ಅಂತಿದೀವಿ. ಹೋಬರ್ಟ್ ಅವರ ಗೌರವದ ಪ್ರಶ್ನೆ ನೋಡಿ."

"ಹೋಬರ್ಟ್ ಅವರ ಗೌರವ ನೀವು ಯಾವಾಗಿಂದ ಕಾಯ್ತಿದೀರಿ?"

"ಮೇಡಂ, ಅಮ್ಮ ಓದಿ ಸಹಿ ಹಾಕಿದಾರೆ. ನನ್ನೆದುರಿಗೇ ಒಂದೊಂದು ಪುಟಾನೂ ನಿಧಾನವಾಗಿ ತಿರುವಿ ನೋಡಿದ್ರು. ನಾನು ಅವಸರ ಮಾಡಲಿಲ್ಲ."

ಆಲ್ಬಮ್ ಮುಂದಿನ ವಸಂತದಲ್ಲಿ ಹೊರಬಂತು. ಹೆಸರು ‘ಉಸಿರಿನ ಅಂಚಿನಲ್ಲಿ’. ಮುಖಪುಟದಲ್ಲಿ ಮನೆಯ ಜಗಲಿ, ಅದರ ಮೇಲೆ ಖಾಲಿ ಮರದ ತೂಗುಕುರ್ಚಿ. ನೇಪಿಯರ್ ಮನೆಯ ಜಗಲಿಯಲ್ಲಿ ಇದ್ದದ್ದು ಹಸಿರು ಪ್ಲಾಸ್ಟಿಕ್ ಕುರ್ಚಿಗಳು; ಮರದ್ದನ್ನು ಚಿತ್ರ ತೆಗೆಯುವವರೇ ವ್ಯಾನಿನಲ್ಲಿ ತಂದು, ಮುಗಿದ ಮೇಲೆ ವಾಪಸು ಒಯ್ದರು. ಡೆಲ್ಫಾಳ ದನಿಯನ್ನು ಕತ್ತರಿಸಿದ ಮೇಲೆ ಕಂಪನಿಯವರು ಮೊದಲು ಆ ಜಾಗವನ್ನೂ ಮುಚ್ಚಿ ನೋಡಿದರಂತೆ. ಮುದುಕ ಬಸ್ಸು ಹಿಡಿಯಲು ಓಡುವವನಂತೆ ಕೇಳಿಸಿತು. ಆದ್ದರಿಂದ ಜಾಗವನ್ನು ಹಾಗೆಯೇ ಬಿಟ್ಟರು. ಪ್ರತಿ ಸಾಲಿನ ಮುಂದೆ ನಾಲ್ಕು ಸೆಕೆಂಡು ಏನೂ ಇಲ್ಲ.

ವಿಮರ್ಶಕರು ಮರುಳಾದದ್ದು ಆ ಏನೂ ಇಲ್ಲದ್ದಕ್ಕೇ. ಸಾವಿನೊಂದಿಗೆ ನಡೆಸಿದ ಸಂವಾದ ಎಂದು ಒಬ್ಬರು ಬರೆದರು. ಒಂದೊಂದು ಪದವನ್ನೂ ತನ್ನ ಆತ್ಮದ ಆಳದಿಂದ ಅಗೆದು ತರುವ ಗಣಿಗಾರ ಎಂದು ಇನ್ನೊಬ್ಬರು. ಹೋಬರ್ಟ್ ಗಣಿಯ ಬಾಯಿಯನ್ನೂ ಕಂಡವನಲ್ಲ. ಪೂರ್ವ ಕರಾವಳಿಯ ಒಂದು ಪತ್ರಿಕೆಯ ಪಂಡಿತರು ಮೌನಗಳನ್ನು ಅಳೆದು, ಅವು ಹೆಚ್ಚುಕಡಿಮೆ ಸಮನಾಗಿರುವುದನ್ನು ಕಂಡುಹಿಡಿದು, ಇದು ಕಲಾವಿದನ ಅಸಾಧಾರಣ ಲಯಪ್ರಜ್ಞೆಗೆ ಸಾಕ್ಷಿ ಎಂದರು. ಅಳತೆ ಸರಿಯಾಗಿತ್ತು. ಅಳತೆ ಸರಿಯಾದ ಮಾತ್ರಕ್ಕೆ ಅಳೆದವನಿಗೆ ಬುದ್ಧಿಯಿದೆ ಎಂದಾಗುವುದಿಲ್ಲ ಎಂದು ರೀವಾ ತನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದಳು. ಆ ವರ್ಷ ಉದಾಹರಣೆಗಾಗಿ ಹುಡುಕಬೇಕಾಗಲಿಲ್ಲ.

ಹೈಸ್ಕೂಲಿನ ಜಿಮ್ಮಿನಲ್ಲಿ ಬಿಡುಗಡೆಯ ಸಮಾರಂಭ. ಡೆಲ್ಫಾಳನ್ನು ನೀಲಿ ಉಡುಪಿನಲ್ಲಿ ಮುಂದೆ ಕೂರಿಸಿದ್ದರು. ಟೀವಿಯಿಂದ ಬಂದಿದ್ದ ಹೆಂಗಸು ಮೈಕು ಹಿಡಿದು, ಕತ್ತನ್ನು ಒಂದು ಕಡೆಗೆ ವಾಲಿಸಿ, ಮರುಕ ತುಂಬಿದ ದನಿಯಲ್ಲಿ ಕೇಳಿದಳು: "ಅಮ್ಮಾ, ಆ ಮೌನಗಳು ನಮ್ಮನ್ನೆಲ್ಲ ಕಾಡ್ತಿವೆ. ಪ್ರತಿ ಸಾಲಿಗೂ ಮುಂಚೆ ಹೋಬರ್ಟ್ ಅವರು ಏನನ್ನೋ ಆಲಿಸ್ತಿರೋ ಹಾಗಿದೆ. ಏನು ಕೇಳಿಸ್ಕೋತಿದ್ರು ಅವರು?"

"ನಾನು ಹೇಳೋದನ್ನ," ಎಂದಳು ಡೆಲ್ಫಾ.

ಜಿಮ್ಮೆಲ್ಲ ಬಿದ್ದು ಬಿದ್ದು ನಕ್ಕಿತು. ಯಾರ್ಬ್ರೊ ತೊಡೆ ತಟ್ಟಿಕೊಂಡ. ಗಂಡಂದಿರು ಹೆಂಡತಿಯರ ಪಕ್ಕೆ ತಿವಿದರು. ಮರುದಿನದ ಪತ್ರಿಕೆಯಲ್ಲಿ, ನೋವಿನಲ್ಲೂ ನಗೆಚಟಾಕಿ ಹಾರಿಸಿದ ವಿಧವೆ ಎಂಬ ತಲೆಬರಹದ ಕೆಳಗೆ ಆ ಮಾತು ಅಚ್ಚಾಯಿತು. ಡೆಲ್ಫಾಳ ಇಡೀ ಬದುಕಿನ ಒಂದೇ ಬಹಿರಂಗ ಹೇಳಿಕೆ ಅದು, ಅಕ್ಷರಶಃ ನಿಜವಾದ ಹೇಳಿಕೆ. ನಿಜವಾದ್ದರಿಂದಲೇ ಅದಕ್ಕೆ ಅಷ್ಟು ಜೋರಾಗಿ ಚಪ್ಪಾಳೆ ಬಿತ್ತು.

ರೀವಾ ಬಿಡಲಿಲ್ಲ. ಆಲ್ಬಮಿನ ಧ್ವನಿಯನ್ನು ಕಂಪ್ಯೂಟರಿಗೆ ಹಾಕಿ, ಮೌನದ ಭಾಗಗಳನ್ನು ಹಿಗ್ಗಿಸಿ ಕೇಳಿದಳು. ಕತ್ತರಿ ಹಾಕಿದವನು ಸೋಮಾರಿ. ಹನ್ನೆರಡು ಕಡೆ ಡೆಲ್ಫಾಳ ಸಾಲಿನ ಕೊನೆಯ ಉಚ್ಚಾರ ಹೋಬರ್ಟ್‌ನ ಉಸಿರಿನೊಳಗೆ ಸಿಕ್ಕಿಕೊಂಡು, ಬಾಗಿಲಿಗೆ ಸಿಕ್ಕಿದ ಲಂಗದ ಅಂಚಿನಂತೆ ಉಳಿದಿತ್ತು. ಮೂಲ ಮುದ್ರಣ ಹೇಗೂ ಅವಳ ಹತ್ತಿರವೇ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಕ್ಷೆ ಬರೆದು, ಇವು ನನ್ನ ಪುರಾವೆಗಳು, ಚಿಕ್ಕಮ್ಮನ ಹೆಸರು ಹಾಕಿ ಎಂದು ಕಂಪನಿಗೂ ಆ ಪಂಡಿತರಿಗೂ ಬರೆದಳು. ಪಂಡಿತರು ಉತ್ತರಿಸಲಿಲ್ಲ. ಕಂಪನಿಯ ವಕೀಲರು ಉತ್ತರಿಸಿದರು: ಸಹಿ ಮಾಡಿದವರು ಸ್ವತಃ ದೂರು ಕೊಡದ ಹೊರತು ಇದರಲ್ಲಿ ತಮಗೆ ಮಾತಾಡಲು ಏನೂ ಇಲ್ಲ.

ಆ ಪತ್ರ ಹಿಡಿದು ಅವಳು ಒಂದು ಶನಿವಾರ ಬೆಳಿಗ್ಗೆ ಚಿಕ್ಕಮ್ಮನ ಮನೆಗೆ ಹೋದಳು. ಜಗಲಿ ಹತ್ತುವಾಗಲೇ ಒಳಗೆ ಆಲ್ಬಮ್ ಓಡುತ್ತಿರುವುದು ಕೇಳಿಸಿತು. ಹೋಬರ್ಟ್ ಒಂದು ಸಾಲು ಮುಗಿಸಿದ. ಮೌನ ಬರಬೇಕಾದ ಜಾಗದಲ್ಲಿ ಡೆಲ್ಫಾಳ ದನಿ ಬಂತು: ಗಡಗಡ, ಒಣದು, ನಾಲ್ಕೇ ಸೆಕೆಂಡು. ಹೋಬರ್ಟ್ ಅದನ್ನು ಎತ್ತಿಕೊಂಡು ಹಾಡಿದ. ಮತ್ತೆ ಡೆಲ್ಫಾ. 'ಮೂಲ ಮುದ್ರಣವೇ ಇರಬೇಕು' ಎಂದು ರೀವಾಳಿಗೆ ಒಂದು ಗಳಿಗೆ ಅನಿಸಿತು. ಬಾಗಿಲು ತಳ್ಳಿದರೆ ಡೆಲ್ಫಾ ಯಂತ್ರದ ಎದುರು ಕುಳಿತು, ಕಣ್ಣು ಮುಚ್ಚಿ, ಸತ್ತ ಗಂಡನಿಗೆ ಸಾಲು ಕೊಡುತ್ತಿದ್ದಳು.

"ಏನ್ ಮಾಡ್ತಿದೀಯಾ ಚಿಕ್ಕಮ್ಮ?"

ಡೆಲ್ಫಾ ಕಣ್ಣು ಬಿಟ್ಟಳು. ನಾಚಿಕೊಳ್ಳಲಿಲ್ಲ. "ಬಾ ಕೂತ್ಕೋ. ಕಾಫಿ ಇದೆ."

"ನಿನ್ನನ್ನ ಅಳಿಸಿಹಾಕಿದೋರ ತೂತನ್ನ ನೀನೇ ಕೂತು ತುಂಬ್ತಿದೀಯಲ್ಲ!"

"ಜಾಗ ಬಿಟ್ಟಿದಾರಲ್ಲ ಪುಣ್ಯಾತ್ಮರು. ಅಷ್ಟಾದ್ರೂ ಬಿಟ್ರು."

"ದೂರು ಕೊಡು. ಒಂದು ಕಾಗದ ಬರೆದು ತಂದಿದೀನಿ. ಓದಿ ಸಹಿ ಹಾಕು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಡೆಲ್ಫಾ ಕಾಗದ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಮಡಚಿ ವಾಪಸು ಕೊಟ್ಟಳು.

"ಬೇಡ ಕಣೇ. ಇನ್ನೊಂದ್ ಸಲ ಕಾಗದಕ್ಕೆ ಸಹಿ ಹಾಕಲ್ಲ ನಾನು."

"ಹೆದರಿಕೆ!" ಎಂದಳು ರೀವಾ. "ಅದೇ ನಿನ್ನ ರೋಗ. ಚಿಕ್ಕಪ್ಪನಿಗೆ ಹೆದರಿದ್ದಾಯ್ತು, ಎಲ್ಜಿಗೆ ಹೆದರಿದ್ದಾಯ್ತು, ಈಗ ಬೂಟಿನವನಿಗೆ. ಕಣ್ಣಾರೆ ಓದಿ ನಿನ್ನ ಬಾಯಿ ನೀನೇ ಹೊಲಿದುಕೊಂಡೆ. ನಾನು ಯಾರಿಗೋಸ್ಕರ ಬಡಿದಾಡಲಿ?"

ಡೆಲ್ಫಾ ಅವಳನ್ನೇ ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದಳು. ತುಟಿ ಅಲ್ಲಾಡಿತು. ಅಷ್ಟರಲ್ಲಿ ಯಂತ್ರದಲ್ಲಿ ಹೋಬರ್ಟ್ ಸಾಲು ಮುಗಿಸಿದ, ನಾಲ್ಕು ಸೆಕೆಂಡು ಖಾಲಿ ಕಳೆಯಿತು, ಅವನು ಮುಂದಿನ ಸಾಲು ಎತ್ತಿಕೊಂಡ.

"ಕಾಫಿ ಆರೋಗುತ್ತೆ," ಎಂದಳು ಡೆಲ್ಫಾ.

ಅದಾದ ಮೇಲೆ ರೀವಾ ಪ್ರತಿ ಭಾನುವಾರ ಬರುವುದನ್ನು ಬಿಟ್ಟಳು. ತಿಂಗಳಿಗೊಮ್ಮೆ ಎಂದಿದ್ದದ್ದು ಕ್ರಿಸ್‌ಮಸ್ಸಿಗೊಮ್ಮೆ ಎಂದಾಯಿತು. ಜಗಳವೇನೂ ಆಡಲಿಲ್ಲ, ತಿರಸ್ಕಾರಕ್ಕೆ ಅಷ್ಟು ಶಾಖ ಬೇಕಾಗುವುದಿಲ್ಲ. ಚಿಕ್ಕಮ್ಮನನ್ನು ಕುರಿತು ಶಾಲೆಯಲ್ಲಿ ಯಾರಾದರೂ ವಿಚಾರಿಸಿದರೆ, ಚೆನ್ನಾಗಿದ್ದಾಳೆ, ಅವಳಿಗೆ ಬೇಕಾದ ಹಾಗೇ ಇದ್ದಾಳೆ, ಎನ್ನುತ್ತಿದ್ದಳು. ಡೆಲ್ಫಾ ಪ್ರತಿ ಬೇಸಿಗೆಯಲ್ಲೂ ದಾರಕ್ಕೆ ಪೋಣಿಸಿ ಒಣಗಿಸಿದ ಹುರುಳಿಕಾಯಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. ಜೊತೆಗೆ ಒಂದು ಚೀಟಿಯೂ ಇರುತ್ತಿರಲಿಲ್ಲ. ಅದನ್ನೂ ರೀವಾ ಮೊಂಡುತನವೆಂದೇ ಎಣಿಸಿದಳು.

ಡೆಲ್ಫಾ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ಜಗಲಿಯ ಹಸಿರು ಕುರ್ಚಿಯಲ್ಲಿ ಕುಳಿತಲ್ಲೇ ತೀರಿಕೊಂಡಳು. ಚರ್ಚಿನಲ್ಲಿ ಬ್ರದರ್ ಎಲ್ಜಿ ಅವಳಿಗಾಗಿ ಸಾಲು ಕೊಟ್ಟ. ಎಂಬತ್ತು ದಾಟಿದ್ದ ಅವನು ಮೂರನೆಯ ಚರಣದಲ್ಲಿ ನಿಂತುಬಿಟ್ಟ. ಹೆಂಗಸರ ಬೆಂಚಿನ ಕಡೆ ಒಮ್ಮೆ ನೋಡಿದ. ಕೆಮ್ಮಿ ನಾಲ್ಕನೆಯದಕ್ಕೆ ಹಾರಿದ. ನ್ಯಾಶ್‌ವಿಲ್ಲಿನಿಂದ ಕಂಪನಿಯವರ ಹೂವಿನ ಚಕ್ರ ಬಂದಿತ್ತು. ಅದರ ಮೇಲೆ ಅವಳ ಹೆಸರನ್ನು ಡೆಲ್ಮಾ ಎಂದು ಬರೆದಿದ್ದರು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಊಟ. ಹಳ್ಳದಾಚೆಯ ಓಮಾ ಕೂಚ್, ಡೆಲ್ಫಾಳ ವಯಸ್ಸಿನವಳೇ, ಸಿಹಿಗೆಣಸಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕಕ್ಕೆ ರಬ್ಬರ್ ಬ್ಯಾಂಡು ಸುತ್ತಿದ ಲಕೋಟೆಗಳ ಕಟ್ಟೊಂದನ್ನು ಇಟ್ಟಳು.

"ಇವು ನಿನಗೆ ಸೇರಬೇಕು ರೀವಾ. ಹೋದ ಗುರುವಾರ ಬಿಟ್ಟು ಹೋಗಿದ್ಲು. ನನ್ನ ಕನ್ನಡಕ ಮುರಿದಿತ್ತು, ಮುಂದಿನ ವಾರ ಓದ್ತೀನಿ ಅಂದಿದ್ದೆ."

"ಚಿಕ್ಕಮ್ಮನ ಕಾಗದ ನೀನ್ಯಾಕೆ ಓದಬೇಕು?"

"ಇನ್ಯಾರು ಓದ್ತಾರೆ? ನಲವತ್ತು ವರ್ಷದಿಂದ ಗುರುವಾರ ಗುರುವಾರ ಟಪಾಲು ತಗೊಂಡು ಬರೋಳು. ಒಂದ್ ಸಲ ಓದಿದ್ರೆ ಸಾಕು, ಮತ್ತೆ ಕೇಳ್ತಿರಲಿಲ್ಲ, ಕಲ್ಲಲ್ಲಿ ಕೆತ್ತಿದ ಹಾಗೆ."

"ಅವಳ ಕಣ್ಣು ಸರಿಯಾಗೇ ಇತ್ತಲ್ಲ?"

"ಕಣ್ಣಿಗೇನಾಗಿತ್ತು? ಸೂಜಿಗೆ ದಾರ ಅವಳೇ ಪೋಣಿಸೋಳು." ಓಮಾ ದನಿ ತಗ್ಗಿಸಿದಳು. "ಅಕ್ಷರ ಇರಲಿಲ್ಲ ಮಗಾ. ಸ್ಕೂಲಿಗೆ ಹೋಗಿದ್ದೇ ಏಳು ವಾರ. ಸಹಿ ಒಂದು ಹೋಬರ್ಟ್ ಕಲಿಸಿದ್ದ. ಅವನಿಗೆ ಗೊತ್ತಿತ್ತು, ಜೀವಮಾನದಲ್ಲಿ ಅವನು ಬಾಯಿ ಮುಚ್ಕೊಂಡಿದ್ದ ವಿಷಯ ಅದೊಂದೇ. ನಿನಗೆ ಮಾತ್ರ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿದ್ಲು. ನೀನು ಟೀಚರು ನೋಡು."

ರೀವಾ ಕುರ್ಚಿ ಎಳೆದು ಕುಳಿತಳು. ನ್ಯಾಶ್‌ವಿಲ್ಲಿನವನು ಆರು ಪುಟದ ಕಾಗದ ತಂದಿದ್ದನಲ್ಲ, ಅದನ್ನು ಅವನಿಂದ ಇಸಿದುಕೊಂಡು ಡೆಲ್ಫಾ ಮೊದಲು ನಿನ್ನ ಹತ್ತಿರ ಯಾಕೆ ತರಲಿಲ್ಲ ಎಂದು ಕೇಳಿದಳು.

"ಬಂದಿದ್ಲಂತೆ," ಎಂದಳು ಓಮಾ. "ಅವನನ್ನ ಊಟಕ್ಕೆ ಕೂರಿಸಿ, ಮೊಟ್ಟೆ ತರ್ತೀನಿ ಅಂತ ಹೇಳಿ, ಕಾಗದ ಏಪ್ರನ್ ಜೇಬಲ್ಲಿಟ್ಕೊಂಡು ಹಳ್ಳ ದಾಟಿ ಬಂದು ಬಾಗಿಲು ಬಡಿದ್ಲಂತೆ. ಮೊಮ್ಮಗಳ ಹೆರಿಗೆ ಅಂತ ಆ ವಾರ ನಾನು ಊರಲ್ಲಿರಲಿಲ್ಲ, ಡೇಟನ್ನಲ್ಲಿದ್ದೆ."